ಹದಿನಾಲ್ಕು ನಿಮಿಷ

ಅವಳು ಬಾಗಿಲು ತಳ್ಳಿದ ರಭಸಕ್ಕೆ ಗಡಿಯಾರದ ಅಂಗಡಿಯ ಗೋಡೆಗಳೇ ಅದುರಿದವು.

"ಏನಿದು?"

ಹಳದಿ ಕಾರ್ಡೊಂದು ಕೌಂಟರಿನ ಮೇಲೆ ಬಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದನ್ನು ಬಿಚ್ಚಿ ಕೂತಿದ್ದ ಅವನು ತಲೆ ಎತ್ತಿದ. ಅವಳನ್ನು ಕಂಡದ್ದೇ ಮುಖ ಇಷ್ಟಗಲ ಆಯಿತು. ಪಾಪ ಅನ್ನಬೇಕು, ಆದರೆ ಈ ಕಥೆಯಲ್ಲಿ ಆ ಮಾತು ಆಡುವಂತಿಲ್ಲ. ಯಾಕೆ ಅಂತ ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತೆ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಪದಕ ಬಂದ ಖುಷಿಗೆ ಸಿಹಿ ತಂದಿದೀರಾ ಹೇಗೆ?"

"ಏನಿದು ಅಂತ ಕೇಳಿದೆ."

ಅದು ಭಾನುವಾರದ ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಯ ಕಾರ್ಡು. ಊರಿನ ಸೈಕಲ್ ಸಂಘ ವರ್ಷಕ್ಕೆರಡು ಸಲ ನಡೆಸುವ ಸವಾರಿ ಅದು. ರೇಸಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಪದಕ. ದಾರಿಯಲ್ಲಿ ನಾಲ್ಕು ಹಳೇ ಕೋಟೆಗಳಿವೆ. ಒಂದೊಂದು ಕೋಟೆಯ ಬಾಗಿಲಲ್ಲೂ ಸಂಘದವರೊಬ್ಬರು ಮೇಜು ಹಾಕಿಕೊಂಡು ಕೂತು, ಸವಾರ ಬಂದ ಹೊತ್ತನ್ನು ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಾರೆ. ಕೋಟೆಗೊಂದು ಗಡುವು. ಒಂದು ನಿಮಿಷ ಮೀರಿದರೂ ಅವತ್ತಿನ ಸವಾರಿ ಅಲ್ಲಿಗೇ ಮುಗಿಯಿತು. ಮೂರನೇ ಕೋಟೆಯ ಗಡುವು ಎರಡು ಗಂಟೆ ನಲವತ್ತು ನಿಮಿಷ. ಆ ಮೇಜಿಗೆ ಯಾವಾಗಲೂ ಗಡಿಯಾರದವನೇ. ಅವನ ಕೈಯಲ್ಲಿ ಹೊತ್ತು ಹೆಚ್ಚುಕಮ್ಮಿ ಆಗೋದೇ ಇಲ್ಲ ಅಂತ ಊರಿಗೆ ಊರೇ ನಂಬಿತ್ತು.

"ಎರಡು ಮೂವತ್ತೆಂಟು ಅಂತ ಬರೆದಿದೀರಿ. ನಾನು ಬಂದಿದ್ದು ಎರಡು ಐವತ್ತೆರಡಕ್ಕೆ. ನಿನ್ನೆ ಸೈಕಲ್ ಮೀಟರಿನ ಲೆಕ್ಕ ಫೋನಿಗೆ ಹಾಕಿ ನೋಡಿದೆ."

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ನಿಮಗೆ ಎರಡು ಪಂಕ್ಚರ್ ಆಗಿತ್ತು."

"ಆಗಿತ್ತು! ಟೈರು ನಂದು, ಪಂಕ್ಚರ್ ನಂದು, ತಡಾನೂ ನಂದು. ಮಧ್ಯೆ ನಿಮ್ಮನ್ನ ಕರೆದವರು ಯಾರು?"

"ಹೋದ ವರ್ಷ ಒಂಬತ್ತು ನಿಮಿಷ ತಡ ಆದಾಗ ನೀವು ಕೋಟೆ ಗೋಡೆ ಹಿಂದೆ ಕೂತು ಅತ್ತಿದ್ರಿ. ಯಾರೂ ನೋಡಿಲ್ಲ ಅಂದ್ಕೊಂಡಿದ್ರಿ. ನಾನು ನೋಡಿದ್ದೆ. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿರಲಿಲ್ಲ."

"ಹಂಗಾದ್ರೆ ಕಣ್ಣು ಮುಚ್ಕೋಬೇಕಿತ್ತು!"

ಇಲ್ಲಿ ಅವಳ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ, ಹದಿನಾಲ್ಕು ನಿಮಿಷಕ್ಕೆ ಇಷ್ಟೊಂದು ರಂಪವೇ ಅಂತ ನೀವೂ ಕೇಳುತ್ತೀರಿ. ಅವಳು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಊರವರ ಬಾಯಲ್ಲಿ ತಕ್ಕಡಿ ಮೇಡಂ. ಅವಳ ಸ್ಕೂಟರ್ ಸದ್ದು ಕೇಳಿದರೆ ಸಾಕು, ತಕ್ಕಡಿಯ ತಟ್ಟೆಗೆ ಅಡಿಯಿಂದ ಅಂಟಿಸಿದ್ದ ಆಯಸ್ಕಾಂತಗಳೆಲ್ಲ ಮಾಯ. ಐದು ಗ್ರಾಂ ಅತ್ತಿತ್ತ ಆದರೂ ಬಿಡುವ ಜಾತಿಯಲ್ಲ.

ಇದಕ್ಕಿಂತ ಹಳೆಯ ಗಾಯವೊಂದಿದೆ. ಎಂಟನೇ ವಯಸ್ಸಿನಲ್ಲಿ ಗೋಡೆಯಿಂದ ಬಿದ್ದು ಎಡಗಾಲು ಮುರಿದಿತ್ತು. ಮೂಳೆ ಸರಿಯಾಗಿ ಕೂಡದೆ, ನಡೆಯುವಾಗ ಇವತ್ತಿಗೂ ಸಣ್ಣಗೆ ಕುಂಟುತ್ತಾಳೆ. ಮಾರನೇ ವರ್ಷ ಶಾಲೆಯ ಓಟದಲ್ಲಿ ಟೀಚರ್ ಅವಳೊಬ್ಬಳಿಗೆ ಹತ್ತು ಹೆಜ್ಜೆ ಮುಂದೆ ಬೇರೆ ಗೆರೆ ಎಳೆದರು. ಅವಳೇ ಮೊದಲು ಬಂದಳು. ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿ "ಪಾಪ, ಪಾಪ" ಅಂದಿತು. ಮನೆಗೆ ಹೋಗುವ ದಾರಿಯಲ್ಲಿ ಬಹುಮಾನದ ಲೋಟವನ್ನು ಚರಂಡಿಗೆ ಎಸೆದಳು. ಆಮೇಲೆ ಅವಳ ಮುಂದೆ ಪಾಪ ಅಂದವರ ಗತಿ ಕೇಳಬೇಡಿ.

ಹೋದ ವರ್ಷ ಒಂಬತ್ತು ನಿಮಿಷ ತಡವಾಗಿ ಬಂದಾಗ ಅಲ್ಲಿದ್ದವರೆಲ್ಲ ಆ ಮಾತನ್ನೇ ಅಂದಿದ್ದರು, ಇವನೊಬ್ಬನನ್ನು ಬಿಟ್ಟು. ಇವನು ಇದ್ದ ಹೊತ್ತನ್ನು ಇದ್ದ ಹಾಗೆ ಬರೆದು, "ಒಂಬತ್ತು ನಿಮಿಷ ತಡ. ಇಳಿಜಾರಲ್ಲಿ ಬ್ರೇಕ್ ಜಾಸ್ತಿ ಹಿಡೀತೀರಿ ಅನ್ಸುತ್ತೆ," ಅಂದಿದ್ದ. ಅಷ್ಟೇ. ಅಷ್ಟಕ್ಕೇ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು. ವಾಚೇ ಕಟ್ಟದವಳು ಒಂದು ವರ್ಷದಲ್ಲಿ ಐದು ಸಲ ಬ್ಯಾಟರಿ ಹಾಕಿಸಲು ಈ ಅಂಗಡಿಗೆ ಬಂದಿದ್ದಳು. "ನಿನ್ನ ಕೈ ಸೋಕಿದ್ರೆ ಈ ಮನೇಲಿ ಗಡಿಯಾರ ನಿಂತೇಹೋಗುತ್ತಲ್ಲೇ," ಅಂತ ಅಕ್ಕ ರೇಗಿಸುತ್ತಿದ್ದಳು.

ಅದೇ ಮನುಷ್ಯ ಈಗ ಹತ್ತು ಹೆಜ್ಜೆ ಮುಂದೆ ಗೆರೆ ಎಳೆದು ಕೂತಿದ್ದ.

"ನೀನೂ ಅಷ್ಟೇ ಅಲ್ವಾ?" ಸಿಟ್ಟಿನಲ್ಲಿ ಬಹುವಚನ ಹಾರಿಹೋಗಿತ್ತು. "ನೀನೂ ಎಲ್ಲರ ಥರಾನೇ. ಕುಂಟಿ, ಹೋಗ್ಲಿ ಬಿಡು ಅಂದ್ಕೊಂಡೆ."

"ಅಯ್ಯೋ, ದೇವರಾಣೆ ಹಾಗಲ್ಲ…"

"ಬೇರೆ ಯಾರಾದ್ರೂ ಬಂದಿದ್ರೆ ಹದಿನಾಲ್ಕು ನಿಮಿಷ ಕೊಡ್ತಿದ್ಯಾ?"

ಸುಳ್ಳು ಹೇಳಲು ಬರದವನು ಒಂದೇ ಒಂದು ಸುಳ್ಳು ಬರೆದು ಸಿಕ್ಕಿಬಿದ್ದಿದ್ದ. "ಇಲ್ಲ," ಅಂದ.

ಕಾರ್ಡನ್ನು ಬ್ಯಾಗಿಗೆ ತುರುಕಿ, ಬಂದಷ್ಟೇ ರಭಸದಲ್ಲಿ ಅವಳು ಆಚೆ ಬಂದಳು. ಹೆಲ್ಮೆಟ್ಟಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ. ಮೇಷ್ಟ್ರು ಅಂದರೆ ರಿಟೈರಾದ ಡ್ರಿಲ್ ಮಾಸ್ಟರು, ಸೈಕಲ್ ಸಂಘದ ಅಧ್ಯಕ್ಷರು. ವರಾಂಡದಲ್ಲಿ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದರು. ಅವಳು ಪದಕವನ್ನು ಅವರ ಮುಂದಿಟ್ಟಳು.

"ನನ್ನ ಹೆಸರು ಹೊಡೆದುಹಾಕಿ ಸರ್. ನಾನು ಈ ಸವಾರಿ ಮುಗಿಸಿಲ್ಲ."

"ಹೊಡೆದುಹಾಕಿ ಆಯ್ತಮ್ಮ. ಐದು ನಿಮಿಷದ ಹಿಂದೆ ಅವನೇ ಫೋನ್ ಮಾಡಿದ್ದ. ತಪ್ಪು ನಂದು, ನನ್ನನ್ನ ಮೇಜಿಂದ ತೆಗೀರಿ ಅಂದ."

ಒಳ್ಳೆಯದೇ ಆಯಿತಲ್ಲ ಅಂತ ನೀವು ಅನ್ನಬಹುದು. ಅವಳಿಗೆ ಮಾತ್ರ ಪಿತ್ತ ನೆತ್ತಿಗೇರಿತು. "ನಾನು ಹೇಳೋಕೆ ಮುಂಚೆ ಹೇಳಿಬಿಟ್ಟನಾ? ಅದಕ್ಕೂ ನನಗೆ ಅವಕಾಶ ಕೊಡಲಿಲ್ಲ ಆ ಮನುಷ್ಯ!"

ಮೇಷ್ಟ್ರು ನಗು ತಡೆಯಲು ಮೀಸೆ ತಿರುವಿದರು.

ಆಮೇಲಿನ ಆರು ತಿಂಗಳು ಅವಳು ಸಿಟ್ಟನ್ನೇ ಉಂಡು ಸಿಟ್ಟನ್ನೇ ಹೊದ್ದು ಮಲಗಿದಳು. "ಪ್ರೀತಿಗೆ ಮಾಡಿದಾನೆ, ಬಿಡೇ," ಅಂದಳು ಅಕ್ಕ, ಒಗೆದ ಬಟ್ಟೆ ಮಡಚುತ್ತಾ.

"ಟೀಚರ್ ಗೆರೆ ಎಳೆದದ್ದೂ ಪ್ರೀತಿಗೇ ಅಕ್ಕ."

"ಹಂಗಂತ ಜೀವಮಾನವೆಲ್ಲ ಮುಖ ಊದಿಸ್ಕೊಂಡಿರ್ತೀಯಾ?"

"ಇರ್ತೀನಿ."

"ಸರಿ. ಅಡಿಗೆಮನೆ ಗಡಿಯಾರ ನಿಂತು ತಿಂಗಳಾಯ್ತು. ನಿನ್ನ ಭಾವನ ಕೈಲಿ ಕೊಟ್ಟು ಕಳಿಸ್ಲಾ, ನೀನೇ ಹೋಗ್ತೀಯಾ?"

ಅವಳು ಮಡಚಿದ ಟವೆಲ್ಲನ್ನೇ ಅಕ್ಕನ ಮೇಲೆ ಎಸೆದಳು.

ಬೆಳಗಿನ ಅಭ್ಯಾಸಕ್ಕೆ ಹೋದಾಗ ದಾರಿಯಲ್ಲಿ ಅವನು ಸಿಗತೊಡಗಿದ. ಮೇಜಿನ ಕೆಲಸ ಹೋದ ಮೇಲೆ ಹಳೇ ಸೈಕಲ್ಲೊಂದನ್ನು ಕೊಂಡಿದ್ದನಂತೆ. ಸೂರ್ಯಕಾಂತಿ ಹೊಲಗಳ ನಡುವಿನ ಏರಿನಲ್ಲಿ, ಒದ್ದೆ ಬಟ್ಟೆಯ ಮೂಟೆ ಹೊತ್ತವನ ಹಾಗೆ ಏದುಸಿರು ಬಿಡುತ್ತಾ ತುಳಿಯುತ್ತಿದ್ದ. ಅವಳು ಬೆಲ್ ಕೂಡ ಮಾಡದೆ ಪಕ್ಕದಲ್ಲೇ ಸರ್ರನೆ ದಾಟಿ ಹೋಗುತ್ತಿದ್ದಳು. ದಾಟುವಾಗ ಓರೆಗಣ್ಣು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಅವನ ಕಿವಿ ಕೆಂಪಾಗಿರುವುದು, ಹೆಲ್ಮೆಟ್ಟಿನ ಪಟ್ಟಿ ತಿರುಚಿಕೊಂಡಿರುವುದು, ಒಂದು ಷೂಲೇಸು ಬಿಚ್ಚಿರುವುದು, ಎಲ್ಲವನ್ನೂ ನೋಡಿಕೊಂಡು ಬರುತ್ತಿತ್ತು. ಷೂಲೇಸು ಚೈನಿಗೆ ಸಿಕ್ಕಿ ಬಿದ್ದುಗಿದ್ದಾನು ಅಂತ ಒಂದು ದಿನ ಅರ್ಧ ಕಿಲೋಮೀಟರ್ ಹೋದವಳು ವಾಪಸ್ ಬಂದು, "ಲೇಸ್ ಕಟ್ಕೊಳ್ಳಿ," ಅಂತ ಗದರಿ ಹೋದಳು. ಮತ್ತೆ ಬಹುವಚನ. ಆರು ತಿಂಗಳಲ್ಲಿ ಅವರಿಬ್ಬರ ನಡುವೆ ಆದ ಮಾತು ಅದೊಂದೇ.

ಮುಂದಿನ ಸವಾರಿಗೆ ಹತ್ತು ದಿನ ಇರುವಾಗ ಮೇಷ್ಟ್ರು ಫೋನ್ ಮಾಡಿದರು. "ಮೂರನೇ ಕೋಟೆಗೆ ಯಾರನ್ನ ಕೂರಿಸ್ಲಿ ಅಂತ ಯೋಚನೆ ಮಾಡ್ತಿದೀನಿ. ನಿನಗೆ ಬೇಡ ಅಂದ್ರೆ ಅವನನ್ನ ಕೂರಿಸಲ್ಲ."

ಅವಳು ಹಲ್ಲು ಕಡಿದಳು. "ಅವರನ್ನೇ ಕೂರಿಸಿ ಸರ್. ಅದೇ ಕೋಟೆಗೆ."

ಬೆಳಿಗ್ಗೆ ಆರಕ್ಕೆ ಸವಾರಿ ಹೊರಟಿತು. ಮೊದಲ ಕೋಟೆ ಕೆರೆ ದಂಡೆಯದು, ಆರಾಮಾಗಿ ಮುಟ್ಟಿದಳು. ಎರಡನೆಯದಕ್ಕೆ ಗಡುವಿಗಿಂತ ಅರ್ಧ ಗಂಟೆ ಮುಂಚೆ ಬಂದಳು. ಈ ಸಲ ಪಂಕ್ಚರಿಲ್ಲ, ಇಳಿಜಾರಲ್ಲಿ ಬ್ರೇಕೂ ಹಿಡಿಯಲಿಲ್ಲ. ಎಲ್ಲ ಸರಿಯಾಗಿತ್ತು, ಗಾಳಿಯೊಂದನ್ನು ಬಿಟ್ಟು. ಮಧ್ಯಾಹ್ನದ ಹೊತ್ತಿಗೆ ಎದುರುಗಾಳಿ ಎದ್ದಿತು, ಎಂಥ ಗಾಳಿ ಅಂತೀರಿ, ಇಳಿಜಾರಲ್ಲೂ ತುಳಿಯಬೇಕು. ಅವಳು ಗಾಳಿಗೆ ಬೈದಳು, ರಸ್ತೆಗೆ ಬೈದಳು, ರಸ್ತೆ ಹಾಕಿದವನ ವಂಶಕ್ಕೆಲ್ಲ ಬೈದಳು.

ಮೂರನೇ ಕೋಟೆಯ ಬುಡದಲ್ಲಿ ಹಳೇ ಹಳ್ಳಿಯೊಂದಿದೆ. ಕಲ್ಲಿನ ಮನೆಗಳು, ಕಿಟಕಿಗಳಲ್ಲಿ ಹೂವಿನ ಕುಂಡ, ಮುನ್ನೂರು ವರ್ಷದ ಕಲ್ಲುಹಾಸಿನ ಬೀದಿ. ಫೋಟೋ ತೆಗೆಯುವವರಿಗೆ ಅದು ಸ್ವರ್ಗ, ಸೈಕಲ್ ತುಳಿಯುವವರಿಗೆ ಮೈಕೈ ಮೂಳೆಯೆಲ್ಲ ಸಡಿಲ. ಬಾವಿಕಟ್ಟೆ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಅವಳನ್ನು ನೋಡಿ, "ಇಳಿದು ತಳ್ಕೊಂಡು ಹೋಗೇ ತಾಯಿ," ಅಂದರು. ಅವಳು ಇಳಿಯಲಿಲ್ಲ. ಎಡಗಾಲು ಉರಿಯುತ್ತಿತ್ತು. ಕಂದಕದ ಸೇತುವೆ ಬಂತು. ಸೇತುವೆ ದಾಟಿದರೆ ಬಾಗಿಲು. ಬಾಗಿಲ ನೆರಳಲ್ಲಿ ಮೇಜು, ಮೇಜಿನ ಹಿಂದೆ ಅವನು.

ಕಾರ್ಡು ಚಾಚಿದಳು.

ಅವನು ಮೇಜಿನ ಮೇಲಿದ್ದ ಗಡಿಯಾರ ನೋಡಿದ. ಅವಳೂ ನೋಡಿದಳು. ಎರಡು ನಲವತ್ತೊಂದು.

ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದೇ ಒಂದು ನಿಮಿಷ. ಅವಳ ಮೀಟರು ಅವನ ಗಡಿಯಾರಕ್ಕಿಂತ ಒಂದು ನಿಮಿಷ ಹಿಂದೆಮುಂದೆ ಇರಬಾರದೇ? ಯಾರು ಕೇಳುತ್ತಿದ್ದರು? ಅವನು ಪೆನ್ನಿನ ಮುಚ್ಚಳ ತೆಗೆದ. ನಲವತ್ತು ಅಂತ ಬರೆದರೆ ಈ ಮನುಷ್ಯನ ಮುಖ ಇನ್ನು ಜನ್ಮದಲ್ಲಿ ನೋಡುವುದಿಲ್ಲ ಅಂದುಕೊಂಡಳು. ಅಂದುಕೊಳ್ಳುತ್ತಲೇ, ಬರೆಯಲಿ, ಬರೆದುಬಿಡಲಿ ಅಂತಲೂ ಎದೆ ಹೊಡೆದುಕೊಂಡಿತು. ಆರು ತಿಂಗಳು ತುಳಿದ ಕಾಲು ಅವಳದು, ಅದಕ್ಕೂ ಆಸೆ ಇರಬಾರದೇ?

ಅವನು ಬರೆದ. ಎರಡು ನಲವತ್ತೊಂದು. ಕೆಳಗೆ ಸಹಿ ಹಾಕಿದ.

"ಒಂದು ನಿಮಿಷ ತಡ," ಅಂದ. ಕಣ್ಣಲ್ಲಿ ನೀರು ತುಂಬಿಕೊಂಡು, ಕಾರ್ಡು ವಾಪಸ್ ಕೊಡುವಾಗ ದಾರಿ ಕಾಣದೆ ಗಾಳಿಗೆ ಚಾಚಿದ.

ಅವಳು ಸ್ಫೋಟಿಸಿದಳು. "ಒಂದು ನಿಮಿಷ! ಒಂದೇ ಒಂದು ನಿಮಿಷ ಬಿಡೋಕಾಗಲ್ವಾ ನಿನಗೆ? ಕಲ್ಲು! ಕಲ್ಲುಹೃದಯ! ಈ ಗಾಳಿ ನೋಡಿದ್ಯಾ? ಈ ಬೀದಿ ನೋಡಿದ್ಯಾ?"

"ನೋಡಿದೀನಿ. ಬಿಟ್ಟಿದ್ರೆ ಏನ್ ಮಾಡ್ತಿದ್ರಿ?"

"ಕಂದಕಕ್ಕೆ ತಳ್ತಿದ್ದೆ!"

"ಗೊತ್ತಿತ್ತು," ಅಂದ ಅವನು, ಅಂಗಿಯ ತೋಳಿಂದ ಮುಖ ಒರೆಸಿಕೊಂಡು. "ಅದಕ್ಕಲ್ಲ ಬರೆದದ್ದು. ಹೋದ ಸಲ ನನಗೆ ನೋಡೋಕಾಗಲ್ಲ ಅಂತ ಸುಳ್ಳು ಬರೆದಿದ್ದೆ. ಅದು ನನ್ನ ಸಂಕಟ, ಅದನ್ನ ನಿಮ್ಮ ಕಾರ್ಡಿಗೆ ಬರೆಯೋ ಹಕ್ಕು ನನಗಿರಲಿಲ್ಲ. ಇವತ್ತು ನೀವು ಅತ್ರೆ ಪಕ್ಕದಲ್ಲಿ ಕೂತ್ಕೊಳ್ಳೋಣ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿದ್ದೆ. ನಿಮ್ಮನ್ನ ಪ್ರೀತಿಸ್ತೀನಿ. ನಿಮಿಷ ಮಾತ್ರ ಕೊಡಲ್ಲ."

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕುಸಿದಳು. ಅತ್ತಳು, ಜೋರಾಗಿಯೇ, ಈ ಸಲ ಯಾವ ಗೋಡೆಯ ಹಿಂದೂ ಅಲ್ಲ. ಅವನು ಪಕ್ಕದಲ್ಲಿ ಬಂದು ಕೂತ. ಸಮಾಧಾನದ ಒಂದು ಮಾತೂ ಆಡಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋಗಿ, ಏನೋ ನೆನಪಾಗಿ, ಮುಚ್ಚಳ ಇದ್ದ ಹಾಗೇ ಕೊಟ್ಟ. ಅದನ್ನು ನೋಡಿ ಅಳುವಿನ ಮಧ್ಯೆಯೇ ಅವಳಿಗೆ ನಗು ಉಕ್ಕಿತು.

"ಇನ್ನೂ ಎಪ್ಪತ್ತು ಕಿಲೋಮೀಟರ್ ಇದೆ," ಅಂದಳು ಮೂಗು ಒರೆಸಿಕೊಂಡು. "ಕಾರ್ಡು ಮುಗೀತು. ನನ್ನ ಕಾಲೇನು ಮುಗಿದಿಲ್ಲ. ನಾನು ಹೋಗೋಳೇ."

"ನಲವತ್ತಕ್ಕೆ ನನ್ನ ಮೇಜೂ ಮುಚ್ಚಿತು. ಸೈಕಲ್ ತಂದಿದೀನಿ. ಬರ್ಲಾ?"

"ನನಗೋಸ್ಕರ ನಿಧಾನ ತುಳಿದ್ರೆ ನೋಡು ಮತ್ತೆ!"

"ಅಯ್ಯೋ, ನಿಧಾನ ತುಳಿಯೋಕೆ ನಾನೇನೂ ಮಾಡಬೇಕಾಗಿಲ್ಲ."

ಮಾತಿಗೆ ತಪ್ಪಲಿಲ್ಲ. ಕೋಟೆಯಿಂದ ಮುಂದಿನ ಮೊದಲ ಏರಿನಲ್ಲೇ ಹಿಂದೆ ಬಿದ್ದ. ಅವಳು ಕಾಯಲಿಲ್ಲ, ತಿರುಗಿಯೂ ನೋಡಲಿಲ್ಲ. ನೆತ್ತಿ ತಲುಪಿದ ಮೇಲೆ ಸೈಕಲ್ ನಿಲ್ಲಿಸಿ, ಫೋನು ತೆಗೆದು ಹೊತ್ತು ನೋಡಿಕೊಂಡು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಕೆಳಗೆ ಹೊಲಗಳ ನಡುವೆ ಆ ಒದ್ದೆ ಬಟ್ಟೆಯ ಮೂಟೆ ಒಂದೊಂದೇ ಅಡಿ ಮೇಲೆ ಬರುತ್ತಿತ್ತು. ಷೂಲೇಸು ಕಟ್ಟಿದ್ದ, ನೋಡಿದಳು.

ಬಂದು ನಿಂತ. ಮಾತಾಡಲು ಉಸಿರಿಲ್ಲ. ಅವಳು ಅವನ ಅಂಗಿ ಜೇಬಿನಿಂದ ಪೆನ್ನು ಎಳೆದುಕೊಂಡಳು.

"ಹನ್ನೊಂದು ನಿಮಿಷ ತಡ."

"ಹತ್ತು ಅಂತ… ಬರ್ಕೊಳ್ಳೋಕಾಗಲ್ವಾ?"

"ಸಾಧ್ಯವೇ ಇಲ್ಲ," ಅಂದಳು. ಕಾರ್ಡಿನ ಹಿಂಬದಿಯಲ್ಲಿ ಹನ್ನೊಂದು ಅಂತ ಬರೆದು ಸಹಿ ಹಾಕಿದಳು. ಅವನ ಉಸಿರು ಸರಿಹೋಗುವವರೆಗೂ ಬೈಯುತ್ತಾ ಅಲ್ಲೇ ಕಾದಳು.