ಚಿಕ್ಕಮುಳ್ಳಿನ ಕನ್ನಡಕ

“ಆರೇ ತಿಂಗಳಲ್ಲಿ ಮುಕ್ಕಾಲು ಏರಿಬಿಟ್ಟಿದೆ. ಕನ್ನಡಕದ ನಂಬರು ಈಗ ಎರಡೂಕಾಲು,” ಎಂದರು ಕಣ್ಣಿನ ಡಾಕ್ಟರು.

ಕುರ್ಚಿಯಲ್ಲಿ ಕೂತಿದ್ದ ಐದನೇ ಕ್ಲಾಸಿನ ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ತನ್ನ ದಪ್ಪ ಕನ್ನಡಕ ತೆಗೆದು ಸುಮ್ಮನೆ ಒರೆಸಿದ. “ನನ್ನ ಕಣ್ಣೇ ಇವಳಿಗೂ ಬಂತು.”

“ಅದೂ ಒಂದು ಕಾರಣ. ಸ್ಕೂಲ್ ಬಿಟ್ಮೇಲೆ ಇವಳೇನು ಮಾಡ್ತಾಳೆ?”

ಅಪ್ಪನದು ವಾಚ್ ರಿಪೇರಿ ಅಂಗಡಿ. ಸ್ಕೂಲ್ ಬಿಟ್ಟರೆ ಅವಳು ಅಲ್ಲೇ. ಮೇಜಿನ ದೀಪದ ಕೆಳಗೆ ತಲೆ ಬಗ್ಗಿಸಿ ಸಾಸಿವೆಯಷ್ಟು ಸ್ಕ್ರೂಗಳನ್ನು ವಿಂಗಡಿಸುವುದೆಂದರೆ ಪ್ರಾಣ. ಗಡಿಯಾರದ ಗಂಟೆ ಮುಳ್ಳಿನ ಹಾಗೆ ಕೂತಲ್ಲಿಂದ ಅಲುಗುವುದೇ ಕಾಣುವುದಿಲ್ಲವೆಂದು ಅಮ್ಮ ಅವಳಿಗೆ ‘ಚಿಕ್ಕಮುಳ್ಳು’ ಎಂದು ಹೆಸರಿಟ್ಟಿದ್ದಳು.

“ದಿನಾ ಎರಡು ಗಂಟೆ ಹಗಲು ಬೆಳಕಲ್ಲಿ ಹೊರಗಿರಬೇಕು,” ಎಂದರು ಡಾಕ್ಟರು. “ ಓದುವಾಗ ಪುಸ್ತಕಕ್ಕೆ ಮೂಗು ತಾಗಿಸಬಾರದು. ಮಧ್ಯೆ ಮಧ್ಯೆ ತಲೆಯೆತ್ತಿ ದೂರ ನೋಡು.”

“ಹೊರಗೆ ಹೋಗಿ ಏನ್ಮಾಡ್ಲಿ? ನಂಗೆ ಯಾವ ಆಟಾನೂ ಬರಲ್ಲ.”

“ಅಕ್ಕನ ಸೈಕಲ್ ಧೂಳು ತಿಂತಾ ನಿಂತಿದೆಯಲ್ಲ,” ಎಂದ ಅಪ್ಪ.

ಮೊದಲ ದಿನವೇ ಮೂರು ಸಲ ಬಿದ್ದಳು. ಮೂರನೆಯ ಸಲ ಮಂಡಿ ತರಚಿತು, ಕನ್ನಡಕ ಚರಂಡಿಯ ಅಂಚಿಗೆ ಹಾರಿತು. ಬೀದಿಯಲ್ಲಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕ ಕನ್ನಡಕ ಎತ್ತಿ ಕೊಟ್ಟಳು. “ಇವತ್ತಿಗೆ ಸಾಕೇನೇ?”

“ಸೀಟ್ ಗಟ್ಟಿಯಾಗಿ ಹಿಡ್ಕೋ. ಇನ್ನೊಂದ್ಸಲ.”

ಹತ್ತು ದಿನಕ್ಕೆ ಅಕ್ಕ ಸೀಟು ಬಿಟ್ಟಳು. ಆಮೇಲೆ ದಿನವೂ ಬೀದಿಯ ಈ ತುದಿಯಿಂದ ಆ ತುದಿಗೆ ಸವಾರಿ. ಅಪ್ಪನ ಅಂಗಡಿ ದಾಟುವಾಗ ಆ ದೀಪ ಕಾಣುತ್ತಿತ್ತು. ಒಂದು ಗಳಿಗೆ ಒಳಗೆ ಕೂತುಬರೋಣ ಅನ್ನಿಸುತ್ತಿತ್ತು. ಚಿಕ್ಕಮುಳ್ಳು ಹಲ್ಲು ಕಚ್ಚಿ ಇನ್ನೂ ಜೋರಾಗಿ ಪೆಡಲ್ ತುಳಿಯುತ್ತಿದ್ದಳು.

ಆರು ತಿಂಗಳಾದ ಮೇಲೆ ಮತ್ತೆ ಅದೇ ಕುರ್ಚಿ.

“ಎರಡೂವರೆ,” ಎಂದರು ಡಾಕ್ಟರು.

“ಅಷ್ಟೆಲ್ಲ ಮಾಡಿದ್ರೂ ಏರ್ತಲ್ಲ!”

“ಏರಿದ್ದು ಇಳಿಯಲ್ಲ ಕಣಮ್ಮ. ಏರೋ ವೇಗ ಕಡಿಮೆ ಮಾಡ್ಬಹುದು, ಅಷ್ಟೆ. ಹೋದ್ಸಲ ಎಷ್ಟು ಏರಿತ್ತು?”

“ಮುಕ್ಕಾಲು.”

“ಈ ಸಲ?”

ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. “ಬರೀ... ಕಾಲು.”

ಆಮೇಲೆ ಕೇಳಿದಳು, “ಎಷ್ಟು ವರ್ಷ ಹೀಗೇ ಮಾಡ್ಬೇಕು?”

“ಕಾಲೇಜು ಸೇರೋವರೆಗಾದ್ರೂ.”

“ಅಬ್ಬಾ! ಅಷ್ಟೊಂದಾ?”

ಹೊರಗೆ ಬಂದಾಗ ಅಪ್ಪ ಬಸ್ ಸ್ಟಾಪಿನ ಕಡೆ ತಿರುಗಿದ. ಅವಳು ಅವನ ಕೈ ಹಿಡಿದು ನಿಲ್ಲಿಸಿದಳು.

“ನಡ್ಕೊಂಡೇ ಹೋಗೋಣಪ್ಪ. ಇನ್ನೂ ಬಿಸಿಲಿದೆ.”