ಸುಣ್ಣಕಲ್ಲಿನ ಕಣಿವೆಯ ಜಿಂಕೆ

ಗುಂಡು ತಾಗಿ ಸತ್ತ ಗಂಡು ಜಿಂಕೆ ಕಣಿವೆಯ ತಳದಲ್ಲಿ ಬಿದ್ದಿತ್ತು. ಕಾರು ಗುಡ್ಡದ ನೆತ್ತಿಯಲ್ಲಿ, ಗೇಟಿನ ಹತ್ತಿರ ನಿಂತಿತ್ತು. ನಡುವೆ ಕಡಿದಾದ ಕಾಡು. ಮಾಂಸ ಕೆಡುವ ಮೊದಲು ಜಿಂಕೆಯನ್ನು ಮೇಲಕ್ಕೆ ಸಾಗಿಸಬೇಕಿತ್ತು.

ಬೇರೆ ದಿನವಾಗಿದ್ದರೆ ಫಾರ್ಮಿನ ಟ್ರ್ಯಾಕ್ಟರ್ ಬರುತ್ತಿತ್ತು. ವಾರವಿಡೀ ಸುರಿದ ಮಳೆಗೆ ದಾರಿ ಕೆಸರಾಗಿ, ಗಾಡಿ ಇಳಿಸಬೇಡಿ ಎಂದು ಕಾಡಿನ ಒಡತಿ ಹೇಳಿಬಿಟ್ಟಿದ್ದಳು. ಇಂಗ್ಲಿಷರ ನಾಡಿಗೆ ಬಂದು ಟೂಟಿಂಗಿನ ಹೋಟೆಲಲ್ಲಿ ಅಡುಗೆ ಮಾಡುವ ಐತಪ್ಪನ ಬಳಿ ಬಂದೂಕಿನ ಲೈಸೆನ್ಸ್ ಇತ್ತು. ಸಸಿಗಳನ್ನೆಲ್ಲ ಮೇಯುವ ಜಿಂಕೆಗಳ ಸಂಖ್ಯೆ ತಗ್ಗಿಸಲು ಚಳಿಗಾಲದಲ್ಲಿ ಅವನು ಈ ಕಾಡಿಗೆ ಬರುತ್ತಿದ್ದ. ಬೇಟೆಯ ಜೊತೆಗಾರ ಮದುವೆಗೆಂದು ಊರಿಗೆ, ಕುಂದಾಪುರಕ್ಕೆ, ಹೋಗಿದ್ದರಿಂದ ಈ ಸಲ ತಂಗಿಯನ್ನು ಕರೆದಿದ್ದ.

ಗುಲಾಬಿ ಬಂದದ್ದು ಬೇಡ ಎನ್ನಲು ಕಾರಣ ಸಿಗದೆ. ಅವಳು ಟ್ರೈನ್ ಓಡಿಸುವವಳು. ದೀಪಾವಳಿಯ ಮರುವಾರ ಅವಳ ಟ್ರೈನಿನ ಮುಂದೆ, ಹಳಿಯ ಮೇಲೆ, ಒಬ್ಬ ಮನುಷ್ಯ ಬಂದು ನಿಂತಿದ್ದ; ಬ್ರೇಕ್ ಹಾಕಿದರೂ ಟ್ರೈನ್ ಅವನ ಮೇಲೆ ಹಾದುಹೋಗಿತ್ತು. ಆವತ್ತಿನಿಂದ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಅತ್ತಿರಲೂ ಇಲ್ಲ, ಹಸಿವೆಂದಿರಲೂ ಇಲ್ಲ. ಕ್ರೋಯ್ಡನ್ನಿನ ಫ್ಲಾಟಿಗೆ ಬಂದವರೆಲ್ಲ ಒಮ್ಮೆ ಅತ್ತುಬಿಡು ಎಂದರು. ಜಿಪಿ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅವಳು ಎಲ್ಲರಿಗೂ ತಲೆಯಾಡಿಸಿದಳು.

ಐತಪ್ಪ ಜಿಂಕೆಯ ಹೊಟ್ಟೆ ಸೀಳಿ ಕರುಳು ತೆಗೆದಾಗ ಬಿಸಿ ಹಬೆ ಎದ್ದಿತು. ತಂಗಿ ಮುಖ ತಿರುಗಿಸಬಹುದು ಎಂದುಕೊಂಡಿದ್ದ. ಅವಳು ಅಣ್ಣ ಹೇಳಿದ ಕಡೆ ಹಿಡಿದಳು, ಹೇಳಿದಾಗ ಬಿಟ್ಟಳು. ಕೈಗೆ ರಕ್ತದ ಬಿಸಿ ತಾಗಿದ್ದೂ ಬೇರೆ ಯಾರದೋ ಕೈಗೆ ತಾಗಿದಂತಿತ್ತು.

ಚಕ್ರವಿಲ್ಲದ ಪ್ಲಾಸ್ಟಿಕ್ಕಿನ ಎಳೆಬಂಡಿಗೆ ಜಿಂಕೆಯನ್ನು ಬಿಗಿದರು. ಐತಪ್ಪ ಮುಂದಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆದ. ಬಂಡಿ ಪಕ್ಕಕ್ಕೆ ವಾಲದಂತೆ ಗುಲಾಬಿ ಅದರ ಹಿಂದಿನ ಹಗ್ಗ ಹಿಡಿದು ನಡೆದಳು.

ಎಲೆ ಕಳಚಿದ ಬೀಚ್ ಜಾತಿಯ ಮರಗಳು ಮಂಜಿನಲ್ಲಿ ನೆಟ್ಟ ಕಂಬಗಳಂತೆ ಗುಡ್ಡದುದ್ದಕ್ಕೂ ನಿಂತಿದ್ದವು. ಕಾಲಡಿಯಲ್ಲಿ ಅಂಟುಮಣ್ಣು, ಅದರ ಕೆಳಗೆ ಒದ್ದೆಯಾದ ಬಿಳಿ ಸುಣ್ಣಕಲ್ಲು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರಬೇಕು. ಎಲ್ಲೋ ದೂರದಲ್ಲಿ ಮೋಟಾರ್‌ವೇ ಹೆದ್ದಾರಿ ನಿಲ್ಲದೆ ಮೊರೆಯುತ್ತಿತ್ತು. ಮಂಜು ಸರಿದಾಗೊಮ್ಮೆ ಕ್ರೋಯ್ಡನ್ನಿನ ಎತ್ತರದ ಕಟ್ಟಡಗಳ ತುದಿ ಕಂಡು ಮತ್ತೆ ಮುಳುಗುತ್ತಿತ್ತು.

ಅರ್ಧ ದಾರಿಯಲ್ಲಿ ದೊಡ್ಡ ಬೀಚ್ ಮರವೊಂದು ದಾರಿಗೆ ಅಡ್ಡ ಉರುಳಿತ್ತು. ಬಂಡಿ ದಾಟಿಸಲು ಸಾಧ್ಯವೇ ಇರಲಿಲ್ಲ. ಪಕ್ಕದ, ಚಳಿಗಾಲದಲ್ಲೂ ಎಲೆ ಉದುರದ ಯೂ ಮರಗಳ ಕತ್ತಲಲ್ಲಿ ಸುತ್ತಿ ಹೋಗುವುದೆಂದು ಐತಪ್ಪ ತೀರ್ಮಾನಿಸಿದ. ಅಲ್ಲಿ ನೆಲ ಸಮವಾಗಿತ್ತು, ತರಗೆಲೆ ದಪ್ಪಗೆ ಹಾಸಿತ್ತು.

ಹತ್ತಾರು ಹೆಜ್ಜೆ ಹೋಗಿರಬೇಕು. ನೆಲ ಬಾಯಿ ಬಿಟ್ಟಿತು.

ಐತಪ್ಪ ಕಾಣೆಯಾದ.

ಹಿಂದಿನವರು ಸುಣ್ಣಕಲ್ಲು ತೆಗೆಯಲು ತೋಡಿದ್ದ ಬಾವಿಯಂಥ ಗುಂಡಿ ಅದು. ಕೊಂಬೆ, ಎಲೆ, ಮಣ್ಣು ಸೇರಿ ಬಾಯಿ ಮುಚ್ಚಿಕೊಂಡಿತ್ತು. ಅವನ ಭಾರಕ್ಕೆ ಬಂಡಿ ಗುಂಡಿಯತ್ತ ಸರ್ರನೆ ಜಾರಿತು. ಹಿಂದಿನ ಹಗ್ಗ ಗುಲಾಬಿಯ ಕೈಯನ್ನು ಸುಡುತ್ತಾ ಓಡಿತು.

ಅವಳು ಯೋಚಿಸಲಿಲ್ಲ. ಪಕ್ಕದ ಯೂ ಮರದ ಬುಡಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು. ಕಾಲು ಕೊಟ್ಟು ಹಿಂದಕ್ಕೆ ಬಾಗಿದಳು.

ಬಂಡಿ ಗುಂಡಿಯ ಅಂಚಿನಲ್ಲಿ ನಿಂತಿತು.

ಗಂಟು ಬಿಗಿದು, ಹೊಟ್ಟೆಯ ಮೇಲೆ ತೆವಳಿ, ಬಗ್ಗಿ ನೋಡಿದಳು. ಐತಪ್ಪ ಸೊಂಟದ ಹಗ್ಗದಲ್ಲಿ ನೇತಾಡುತ್ತಿದ್ದ. ಒಂದು ಕಾಲಿನ ತುದಿ ಕಲ್ಲಿನ ಸಂದಿಯಲ್ಲಿ ಊರಿತ್ತು. ಅವನ ಕೆಳಗೆ ಬರೀ ಕಪ್ಪು.

"ಅಣ್ಣ, ಕಾಲು ಊರುಕ್ ಆತ್ತಾ?"

"ಒಂದ್ ಆತ್ತ್. ಇನ್ನೊಂದ್ ತಿರುಚ್ಕಂಡಿತ್. ನೀ ಮುಂದೆ ಬರ್ಬೇಡ, ಮಣ್ಣು ಕುಸೀತ್ತ್."

ಅವನನ್ನು ಎತ್ತುವಷ್ಟು ಬಲ ಅವಳಿಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಬ್ಯಾಗಿನಲ್ಲಿದ್ದ ಇನ್ನೊಂದು ಹಗ್ಗವನ್ನು ಮರಕ್ಕೆ ಕಟ್ಟಿ, ತುದಿಗೆ ಕಾಲು ಇಡುವಷ್ಟು ಕುಣಿಕೆ ಮಾಡಿ ಇಳಿಬಿಟ್ಟಳು. ಅವನು ಒಳ್ಳೆಯ ಕಾಲನ್ನು ಅದರಲ್ಲಿಟ್ಟು ಎದ್ದು ನಿಂತ. ಸೊಂಟದ ಹಗ್ಗ ಸಡಿಲಾದಷ್ಟನ್ನು ಅವಳು ಎಳೆದು ಬಂಡಿಗೆ ಬಿಗಿದಳು. ಕುಣಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿದಳು. ಹೀಗೇ ಮತ್ತೆ, ಮತ್ತೆ. ಕೊನೆಗೆ ಅವನ ಕೈ ಬಂಡಿಯ ಅಂಚಿಗೆ ಸಿಕ್ಕಿತು. ಅವಳು ಜಾಕೆಟ್ಟಿನ ಕೊರಳುಪಟ್ಟಿ ಹಿಡಿದು ಎಳೆದುಹಾಕಿದಳು.

ಇಬ್ಬರೂ ಬಹಳ ಹೊತ್ತು ಎಲೆಗಳ ಮೇಲೆ ಬಿದ್ದುಕೊಂಡಿದ್ದರು. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಐತಪ್ಪನ ಕಾಲು ಆಗಲೇ ಊದಿತ್ತು. ಕೋಲು ಊರಿದರೆ ಹೇಗೋ ನಡೆಯಬಹುದಿತ್ತು.

"ಜಿಂಕೆ ಇಲ್ಲೇ ಬಿಟ್ಟ್ ಹೋಪ, ಹೆಣೆ," ಎಂದ ತಂಗಿಗೆ.

"ಬಿಟ್ಟ್ ಹೋಪುಕ್ ಆತಿಲ್ಲೆ."

"ನರಿ ತಿನ್ಲಿ. ಬದುಕಿದ್ದೇ ಹೆಚ್ಚು."

ಅವಳು ಹಗ್ಗಕ್ಕೆ ಹರಿದ ಕೈಗವಸು ಬಿಚ್ಚಿ ಅಂಗೈ ನೋಡಿಕೊಂಡಳು. ಚರ್ಮ ಸುಲಿದಿತ್ತು. ನೋವು ಇನ್ನೂ ಬಂದಿರಲಿಲ್ಲ.

"ಆವತ್ತು ಟ್ರೈನಿನವ್ರ್ ನನ್ನನ್ನ ಕಾರಲ್ಲಿ ಕೂರ್ಸಿ ಮನೆಗೆ ಕಳ್ಸಿಬಿಟ್ರ್, ಅಣ್ಣ. ಒಳ್ಳೇದಕ್ಕೇ ಮಾಡಿದ್ದ್. ಅವ ಅಲ್ಲೇ ಹಳಿ ಮೇಲೆ ಇದ್ದ. ನಾ ತಿರ್ಗಿ ಸಹಾ ಕಾಣ್ಲಿಲ್ಲೆ." ಕೈಗವಸು ಮತ್ತೆ ತೊಟ್ಟು ಹೇಳಿದಳು, "ಇದನ್ನ ಹೊತ್ಕಂಡೇ ಹೋಪುದ್."

ಐತಪ್ಪ ಅವಳ ಮುಖ ನೋಡಿದ. ಆಮೇಲೆ ಚಾಕುವನ್ನು ಅವಳ ಕೈಗೆ ಕೊಟ್ಟ.

ಅವನು ಮರಕ್ಕೊರಗಿ ಕೂತು ಕೀಲು ಎಲ್ಲಿದೆ, ಅಲಗು ಯಾವ ಕಡೆ ತಿರುಗಬೇಕು ಎಂದು ಹೇಳುತ್ತಾ ಹೋದ. ಅವಳು ಬಂಡಿಯನ್ನು ಗುಂಡಿಯಿಂದ ದೂರ ಎಳೆದು, ಚರ್ಮ ಸುಲಿದು, ಕಾಲುಗಳನ್ನು ಬೇರೆ ಮಾಡಿದಳು. ಹಿಂಗಾಲುಗಳೇ ಮೊದಲ ಹೊರೆ. ಬ್ಯಾಗಿನ ಪಟ್ಟಿ ಹೆಗಲಿಗೆ ಕಚ್ಚಿಕೊಂಡಿತು. ಒಂದು ಕಡೆ ಮಾಂಸದ ಭಾರ, ಇನ್ನೊಂದು ಕಡೆ ಕುಂಟುವ ಅಣ್ಣನ ಭಾರ. ಮರದಿಂದ ಮರಕ್ಕೆ ಹತ್ತಿದರು, ನಿಂತರು, ಹತ್ತಿದರು. ಒಮ್ಮೆ ಮಂಡಿಯೂರಿ ಬಿದ್ದಳು. ಅಣ್ಣ ಬಾಯಿ ತೆರೆಯುವ ಮೊದಲೇ ಎದ್ದಳು.

ಗೇಟು ಕಂಡಿತು. ಅವನನ್ನು ಕಾರಲ್ಲಿ ಕೂರಿಸಿ ಮತ್ತೆ ಇಳಿದಳು. ಮುಂಗಾಲು, ಬೆನ್ನಿನ ಮಾಂಸ ತಂದಳು. ಮತ್ತೊಮ್ಮೆ ಇಳಿದು ಉಳಿದದ್ದನ್ನೂ ಕೋಡಿನ ತಲೆಯನ್ನೂ ಹೊತ್ತು ಬಂದಳು. ಐತಪ್ಪ ಫೋನಿನಲ್ಲಿ ಕಾಡಿನ ಒಡತಿಗೆ ಗುಂಡಿಯ ಜಾಗ ತಿಳಿಸುತ್ತಿದ್ದ, ಬೇಲಿ ಹಾಕಿಸಿ ಎನ್ನುತ್ತಿದ್ದ.

ಗುಲಾಬಿ ಡಿಕ್ಕಿಯ ಟ್ರೇಯಲ್ಲಿ ಮಾಂಸವನ್ನು ಜೋಡಿಸಿ, ಬಟ್ಟೆ ಹೊದಿಸಿ, ಅಂಚುಗಳನ್ನು ಸರಿಮಾಡಿದಳು. ಒಂದಿಷ್ಟು ಹೊತ್ತು ಅಲ್ಲೇ ನಿಂತಳು.

"ಈಗ ಹ್ಯಾಂಗಿತ್?" ಐತಪ್ಪ ಮೆಲ್ಲಗೆ ಕೇಳಿದ.

ಅವಳು ಡಿಕ್ಕಿ ಮುಚ್ಚಿದಳು.

"ಎಂತದೂ ಅನ್ಸುದಿಲ್ಲೆ ಅಣ್ಣ," ಎಂದಳು. "ಆದ್ರೆ ಹಸಿವಾತ್ತ್."

ಅವನು ಡಬ್ಬಿ ಬಿಚ್ಚಿದ. ಬೆಳಿಗ್ಗೆ ಕರಿದ ಬನ್ಸ್ ತಣ್ಣಗೆ ರಬ್ಬರಿನಂತಾಗಿತ್ತು. ಅವಳು ತನ್ನ ಪಾಲು ತಿಂದಳು, ಆಮೇಲೆ ಅವನ ಪಾಲನ್ನೂ ತಿಂದಳು. ಐತಪ್ಪ ಚಹಾ ಬಗ್ಗಿಸಿಕೊಟ್ಟ.