ಬಳೆಬಾಲದ ತೊರಕೆ

ಬಲೆಯ ಒಂದು ಮೂಲೆ ಕೆಂಪಾಯಿತು. 2064ರ ಆ ಬೆಳಿಗ್ಗೆ, ಗಂಗೊಳ್ಳಿಯಿಂದಾಚೆ ಕಡಲಿನಲ್ಲಿ, ಯಂತ್ರ ಬಲೆಯನ್ನು ಎಳೆದು ಡೆಕ್ಕಿನ ಮೇಲೆ ತಂದಿತ್ತು. ಅದರ ಎಳೆಗಳು ಮೀನಿನ ಮೈಯ ಲೋಳೆ ತಾಗಿದೊಡನೆ ಅದರಲ್ಲಿನ ವಂಶವಾಹಿಯನ್ನು, ಅಂದರೆ ಜಾತಿಯ ಗುರುತನ್ನು, ಓದಿಬಿಡುತ್ತಿದ್ದವು. ಅಪರೂಪದ ಜಾತಿಯಾದರೆ ಕೆಂಪಾಗಿ ಗಂಟು ಸಡಿಲಿಸುತ್ತಿದ್ದವು.

ಐದು ವರ್ಷ ತಲೆ ಕೆಡಿಸಿಕೊಂಡು ಈ ಬಲೆ ಮಾಡಿದವಳು ವಿಜ್ಞಾನಿ ವಾರಿಜಾ ಕಾಂಚನ್. ತೊರಕೆ ಎಂದರೆ ಚಪ್ಪಟೆ ಮೈ, ಚಾಟಿಯಂಥ ಬಾಲದ ಮೀನು. ಅದರಲ್ಲಿ ಬಳೆಬಾಲದ್ದು ಕಾಣದೆ ಆರು ವರ್ಷವಾಗಿತ್ತು. ಹುಡುಕಾಟದ ಈ ಕೊನೆಯ ಯಾನದಲ್ಲೂ ಸಿಗದಿದ್ದರೆ ಅದು ಅಳಿದುಹೋಯಿತೆಂದು ಸರ್ಕಾರ ಬರೆದು ಮುಗಿಸಲಿತ್ತು.

ಗಂಟು ಬಿಚ್ಚಿ, ಮೊರದಗಲದ ತೊರಕೆಯೊಂದು ಡೆಕ್ಕಿಗೆ ಜಾರಿತು. ದೋಣಿಯ ಮುಖ್ಯಸ್ಥ ಶೀನ ಮೊಗವೀರ ಕತ್ತಿ ಎತ್ತಿಯೇಬಿಟ್ಟ.

“ಅಯ್ಯೋ ಶೀನಣ್ಣ, ನಿಲ್ಲಿ!” ವಾರಿಜಾ ಅವನ ಕೈ ಹಿಡಿದಳು.

“ಎಂತದ್ ಮಾರಾಯ್ತಿ? ಅದ್ರ್ ಬಾಲದ್ ವಿಷದ್ ಮುಳ್ಳ್ ಕಾಲಿಗ್ ಹೊಕ್ರೆ ಗೊತ್ತಾತ್ತ್. ಬಾಲ ಮೊದ್ಲ್, ಮೀನ್ ಆಮೇಲ್. ಅಪ್ಪಯ್ಯ ಕಲ್ಸದ್ದೇ ಹಾಂಗೆ.”

“ಆ ಬಾಲ ಒಮ್ಮೆ ಕಾಣಿ.”

ಬಾಲದ ತುಂಬ ಕಪ್ಪು ಬಿಳಿ ಬಳೆಗಳು.

“ಬಳೆಯಿಲ್ಲದ ಬೋಳುಬಾಲದ್ದು ವರ್ಷಕ್ಕೆ ಐದಾರು ಮರಿ ಹಾಕುತ್ತದೆ,” ಎಂದಳು ವಾರಿಜಾ, “ಈಗಲೂ ಬೇಕಾದಷ್ಟಿದೆ. ಇದಕ್ಕೆ ಹತ್ತು ವರ್ಷ ಬೆಳೆದ ಮೇಲೆ ವರ್ಷಕ್ಕೆ ಒಂದೇ ಮರಿ. ಮೈ ಮಾತ್ರ ಎರಡರದ್ದೂ ಒಂದೇ. ನೀವೆಲ್ಲ ಬಾಲ ಕಡಿದು ತರುತ್ತಿದ್ದಿರಿ, ಬಂದರಿನಲ್ಲಿ ನಮ್ಮ ಇಲಾಖೆಯವರು ಎರಡನ್ನೂ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು. ಬೋಳುಬಾಲದ್ದು ಇದರ ಜಾಗ ತುಂಬಿತು. ಒಟ್ಟು ತೂಕ ಇಳಿಯಲೇ ಇಲ್ಲ, ಯಾರಿಗೂ ಚಿಂತೆಯಾಗಲಿಲ್ಲ.”

ಶೀನನ ಕೈಯಿಂದ ಕತ್ತಿ ಕೆಳಗೆ ಬಿತ್ತು. “ಹಾಂಗಾರೆ ಇದ್ರ್ ವಂಶ ತೆಗ್ದದ್ದ್ ನಾವೇ ಅಲ್ದಾ?” ಅರವತ್ತರ ಗಂಡಸು, ಕಣ್ಣೊರೆಸಿಕೊಂಡ.

ಇಬ್ಬರೂ ಒದ್ದೆ ಗೋಣಿಯಲ್ಲಿ ಮೀನನ್ನು ಎತ್ತಿದರು. ಅದರ ಹೊಟ್ಟೆ ಉಬ್ಬಿತ್ತು.

“ಬಸ್ರಿ! ಬಳಿ ತೊಟ್ಕಂಡೇ ಬಂದಿತ್ತಲ್ಲ ಮಾರಾಯ್ತಿ!” ಶೀನ ಅಳುತ್ತಲೇ ನಕ್ಕ. ವಾರಿಜಾಳಿಗೂ ಅಳು ತಡೆಯಲಾಗಲಿಲ್ಲ. ನೀರಿಗಿಳಿದ ತೊರಕೆ ರೆಕ್ಕೆ ಬಡಿದು ಆಳಕ್ಕೆ ಹೋಯಿತು.

ಶೀನ ವೈರ್‌ಲೆಸ್ ಹಿಡಿದು ಊರಿನ ದೋಣಿಗಳಿಗೆಲ್ಲ ಕೂಗಿ ಹೇಳಿದ: “ಕತ್ತಿ ಹಾಕುಕ್ ಮೊದ್ಲ್ ಬಾಲ ಕಾಣಿ! ಬಳಿ ಇದ್ರೆ ನೀರಿಗ್ ಬಿಡಿ!” ಆಯ್ತಾಯ್ತೆಂದು ಒಂದೊಂದೇ ದೋಣಿಯಿಂದ ಉತ್ತರ ಬಂತು.

ಆಮೇಲೆ ಅವನು ವಾರಿಜಾಳ ಕಡೆ ತಿರುಗಿದ. “ಒಂದ್ ಮಾತ್ ಕೇಂತೆ, ಬೇಜಾರ್ ಮಾಡ್ಬೇಡ. ಇಷ್ಟ್ ಕಾಂಬುಕೆ ಯಂತ್ರ ಎಂತಕೆ ಬೇಕಿತ್ತ್? ನಮ್ಮಪ್ಪಯ್ಯನ ಕಾಲದಗೇ ಬಾಲ ಕಂಡ್ ಬಿಡುಕ್ ಆಪ್ದಿತ್ತಲ್ಲ?”

ವಾರಿಜಾ ಬಿದ್ದ ಕತ್ತಿಯನ್ನು ಎತ್ತಿ ಅವನಿಗೆ ಕೊಟ್ಟಳು. “ಅದನ್ನು ನಿಮ್ಮ ಅಪ್ಪಯ್ಯನ ಕಾಲದವರನ್ನೇ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಬದುಕಿದ್ದವರನ್ನೇ ಕೇಳಬೇಕು. ಅವರಿಗೂ ಕಣ್ಣಿದ್ದವಲ್ಲ.”